ಹೊಸ ಗುದ್ದಲಿ ಪೂಜೆಗೆ ಮೊದಲು ಹಳೇ ಗೋಡೆಗೆ ಮೋಲ್ಡ್ ಹಾಕಿಸಿ: ಹಣಕಾಸು ಸಚಿವರಿಗೊಂದು ಬಹಿರಂಗ ಪತ್ರ

ಗೆ,
ಮಾನ್ಯ ಹಣಕಾಸು ಸಚಿವರು,
ಕರ್ನಾಟಕ ಸರ್ಕಾರ,
ವಿಧಾನಸೌಧ, ಬೆಂಗಳೂರು

ವಿಷಯ: ಅರ್ಧಕ್ಕೆ ನಿಂತ ಸರ್ಕಾರಿ ಕಾಮಗಾರಿಗಳನ್ನು ಮೊದಲು ಮುಗಿಸುವ ಬಗ್ಗೆ

ಮಾನ್ಯರೇ,

ನಮಸ್ಕಾರ. ನಾನು ಚಿತ್ರದುರ್ಗ ತಾಲೂಕಿನ ಭರಮಸಾಗರದವಳು. ಇಲ್ಲಿ ನಮ್ಮದೊಂದು ಪೈಪು, ಸಿಮೆಂಟು, ಮೋಟರ್ ಸಾಮಾನಿನ ಅಂಗಡಿ ಇದೆ. ಮಾವನವರು ಶುರು ಮಾಡಿದ್ದು. ಇಪ್ಪತ್ತೆರಡು ವರ್ಷದಿಂದ ಅದರ ಲೆಕ್ಕ ಬರೆಯುವವಳು ನಾನು. ದಾವಣಗೆರೆಯಲ್ಲಿ ಬಿಎ ಓದುವಾಗ ಅರ್ಥಶಾಸ್ತ್ರದ ಮೇಷ್ಟ್ರು ಒಂದು ಮಾತು ಹೇಳಿಕೊಟ್ಟಿದ್ದರು: ಒಬ್ಬರ ಖರ್ಚು ಇನ್ನೊಬ್ಬರ ಆದಾಯ. ಆಗ ಪರೀಕ್ಷೆಗೆ ಬರೆದು ಮರೆತಿದ್ದೆ. ಉದ್ರಿ ಪುಸ್ತಕ ಹಿಡಿದು ಕೂತ ಮೇಲೆ ಅದು ಅರ್ಥವಾಯಿತು. ಸರ್ಕಾರದ ದುಡ್ಡು ಊರಿಗೆ ಯಾವಾಗ ಬಂತು, ಎಲ್ಲಿ ನಿಂತಿತು, ಯಾರ ಮನೆಗೆ ಹೋಯಿತು ಅನ್ನುವುದು ನನ್ನ ಪುಸ್ತಕ ನೋಡಿದರೆ ಗೊತ್ತಾಗುತ್ತದೆ. ಆ ಪುಸ್ತಕ ಮುಂದಿಟ್ಟುಕೊಂಡೇ ಈ ಪತ್ರ ಬರೆಯುತ್ತಿದ್ದೇನೆ.

ಬಜೆಟ್ ಹತ್ತಿರ ಬಂದಾಗಲೆಲ್ಲ ಅಂಗಡಿ ಮುಂದಿನ ಬೆಂಚಿನ ಮೇಲೆ ಒಂದೇ ವಾದ. ಸರ್ಕಾರ ಕೈ ಬಿಚ್ಚಿ ಖರ್ಚು ಮಾಡಬೇಕು, ಆಗಲೇ ನಾಡು ಬೆಳೆಯೋದು ಅಂತ ಒಬ್ಬರು. ಸಾಲ ಮಾಡಿ ಖರ್ಚು ಮಾಡಿದರೆ ಮುಳುಗ್ತೀವಿ ಅಂತ ಇನ್ನೊಬ್ಬರು. ಇಬ್ಬರ ಮಾತಿನಲ್ಲೂ ಸತ್ಯ ಇದೆ. ಆದರೆ ಇಬ್ಬರೂ ಕೇಳದ ಪ್ರಶ್ನೆಯೊಂದಿದೆ. ಖರ್ಚು ಮಾಡಿದ ಕೆಲಸ ಮುಗಿಯಿತಾ?

ನಮ್ಮೂರಿಗೆ ಹತ್ತಿರದ ಒಂದು ಹಳ್ಳಿಯಲ್ಲಿ ಅಂಗನವಾಡಿಗೆ ಕಟ್ಟಡ ಮಂಜೂರಾಯಿತು. ಗುದ್ದಲಿ ಪೂಜೆಯ ದಿನ ಪೆಂಡಾಲ್ ಹಾಕಿದ್ದರು, ಊರಿಗೆಲ್ಲ ಕೇಸರಿಬಾತು ಹಂಚಿದ್ದರು. ಸಿಮೆಂಟು, ಕಂಬಿ ಹೋಗಿದ್ದು ನಮ್ಮ ಅಂಗಡಿಯಿಂದಲೇ. ಕಂಟ್ರಾಕ್ಟರ್ ಇಲ್ಲಿಯವನೇ ಹುಡುಗ, ಡಿಪ್ಲೊಮಾ ಓದಿದವನು, ನನಗೆ ಅಕ್ಕ ಅನ್ನುತ್ತಾನೆ. ಲಿಂಟಲ್ ಮಟ್ಟದವರೆಗೆ, ಅಂದರೆ ಬಾಗಿಲು ಕಿಟಕಿಗಳ ಮೇಲಂಚಿನವರೆಗೆ, ಕೆಲಸ ಚುರುಕಾಗಿ ನಡೆಯಿತು. ಮೊದಲ ಬಿಲ್ ಹೋಯಿತು. ಆಮೇಲೆ ಕಚೇರಿಯಿಂದ ಒಂದೇ ಉತ್ತರ: ಎಲ್‌ಒಸಿ, ಅಂದರೆ ಹಣ ಬಿಡುಗಡೆಯ ಪತ್ರ, ಬಂದಿಲ್ಲ. ಈ ಮಾತು ಕೇಳಿ ಎರಡು ವರ್ಷ ದಾಟಿತು. ಗೋಡೆ ಮೋಲ್ಡ್ ಇಲ್ಲದೆ, ಅಂದರೆ ಕಾಂಕ್ರೀಟ್ ಸೂರಿಲ್ಲದೆ, ಹಾಗೇ ನಿಂತಿದೆ. ಒಳಗೆ ಜಾಲಿ ಗಿಡ ನನ್ನ ಎದೆ ಮಟ್ಟಕ್ಕೆ ಬೆಳೆದಿದೆ. ಗೋಡೆಯ ಮೇಲೆ ಎದ್ದು ನಿಂತ ಕಂಬಿಗಳಿಗೆ ತುಕ್ಕು ಹಿಡಿದಿದೆ. ಪಕ್ಕದ ಮನೆಯವರು ಅವಕ್ಕೆ ತಂತಿ ಕಟ್ಟಿ ಬಟ್ಟೆ ಒಣಹಾಕುತ್ತಾರೆ. ಮಕ್ಕಳು ದೇವಸ್ಥಾನದ ಜಗಲಿ ಮೇಲೆ ಕೂರುತ್ತಾರೆ. ಮಳೆ ಬಂದರೆ ಟೀಚರಮ್ಮ ಅನ್ನದ ಪಾತ್ರೆ ಮೇಲೆ ತಮ್ಮ ಸೆರಗು ಮುಚ್ಚುತ್ತಾರೆ. ಇದು ನಾನು ಕಣ್ಣಾರೆ ಕಂಡದ್ದು.

ಈಗ ಲೆಕ್ಕ ನೋಡಿ. ನಮ್ಮ ಅಂಗಡಿಗೆ ಬರಬೇಕಾದ್ದು 1,84,000 ರೂಪಾಯಿ. ಅದು ಬಂದಿಲ್ಲ ಅಂತ ನಾನು ಸಿಮೆಂಟ್ ಡೀಲರಿಗೆ ಕೊಡುವುದು ತಡವಾಯಿತು, ಅವರು ನನಗೆ ಕೊಡುತ್ತಿದ್ದ ಉದ್ರಿ ನಿಲ್ಲಿಸಿದರು. ಕಂಟ್ರಾಕ್ಟರ್ ಹುಡುಗ ನೂರಕ್ಕೆ ಎರಡರಂತೆ ಕೈಸಾಲ ತಂದಿದ್ದ, ಹೆಂಡತಿಯ ಒಡವೆ ಅಡವಿಟ್ಟು ಬಡ್ಡಿ ಕಟ್ಟಿದ. ಗಾರೆ ಕೆಲಸದ ನಾಲ್ಕು ಜನ ಕೂಲಿ ಬಾಕಿ ಬಿಟ್ಟು ಬೆಂಗಳೂರಿಗೆ ಹೋದರು. ಒಬ್ಬರ ಖರ್ಚು ಇನ್ನೊಬ್ಬರ ಆದಾಯ ಅಂದರಲ್ಲ ಮೇಷ್ಟ್ರು, ಅದೇ ಸರಪಳಿ ಹಿಂದಕ್ಕೂ ಓಡುತ್ತದೆ. ಸರ್ಕಾರದ ಒಂದು ಬಾಕಿ ಐದಾರು ಮನೆಯ ಬಾಕಿಯಾಗುತ್ತದೆ.

ಇದರಲ್ಲಿ ಇನ್ನೊಂದು ನಷ್ಟವಿದೆ, ಅದು ಯಾವ ಕಡತದಲ್ಲೂ ಕಾಣುವುದಿಲ್ಲ. ಸರ್ಕಾರದ ಬಿಲ್ ವರ್ಷಗಟ್ಟಲೆ ತಡ ಅಂತ ಗೊತ್ತಾದ ಮೇಲೆ ಕಂಟ್ರಾಕ್ಟರುಗಳು ಏನು ಮಾಡುತ್ತಾರೆ? ಮುಂದಿನ ಟೆಂಡರಿನಲ್ಲಿ ಆ ಬಡ್ಡಿಯನ್ನೂ ಸೇರಿಸಿ ರೇಟು ಹಾಕುತ್ತಾರೆ. ಇಲ್ಲದಿದ್ದರೆ ಸಿಮೆಂಟ್ ಕಡಿಮೆ ಹಾಕುತ್ತಾರೆ. ನಾನೂ ಸರ್ಕಾರಿ ಕೆಲಸಕ್ಕೆ ಸಾಮಾನು ಅಂದರೆ ಚೀಲಕ್ಕೆ ಹತ್ತು ರೂಪಾಯಿ ಜಾಸ್ತಿ ಹೇಳುತ್ತೇನೆ. ಹೇಳದೆ ವಿಧಿಯಿಲ್ಲ. ಹೀಗೆ ಅದೇ ದುಡ್ಡಿನಲ್ಲಿ ಕಟ್ಟಬಹುದಾಗಿದ್ದ ಕೋಣೆಗಳು ಕಡಿಮೆಯಾಗುತ್ತಾ ಹೋಗುತ್ತವೆ.

ಮುಗಿದ ಕೆಲಸ ಏನು ಮಾಡುತ್ತದೆ ಅನ್ನುವುದನ್ನೂ ನಾನು ನೋಡಿದ್ದೇನೆ. ಅದನ್ನೂ ಹೇಳದಿದ್ದರೆ ತಪ್ಪಾಗುತ್ತದೆ. ನಮ್ಮ ಭರಮಸಾಗರದ ದೊಡ್ಡ ಕೆರೆಗೆ ದುರ್ಗದ ಭರಮಣ್ಣ ನಾಯಕನ ಹೆಸರಿದೆ. ನಾನು ಮದುವೆಯಾಗಿ ಬಂದಾಗ ಅದು ಬರೀ ಬಯಲು. ಅಂಗಳದಲ್ಲಿ ದನ ಮೇಯುತ್ತಿದ್ದವು. ಕೆಲವು ವರ್ಷದ ಹಿಂದೆ ಹರಿಹರದ ಕಡೆಯಿಂದ ಪೈಪಿನಲ್ಲಿ ತುಂಗಭದ್ರೆ ನೀರು ಬಂತು. ನೀರು ಬಿದ್ದ ದಿನ ಊರಿಗೆ ಊರೇ ಏರಿ ಮೇಲೆ ನಿಂತಿತ್ತು. ನಮ್ಮ ಅತ್ತೆ ಅರಿಶಿನ ಕುಂಕುಮ ಹಾಕಿ, ಮಾತೇ ಹೊರಡದೆ ಸುಮ್ನೆ ನಿಂತುಬಿಟ್ಟರು.

ಅದಕ್ಕೆ ಮೊದಲು ನಮ್ಮಲ್ಲಿ ಜಾಸ್ತಿ ಖರ್ಚಾಗುತ್ತಿದ್ದ ಸಾಮಾನು ಬೋರಿನ ಕೇಸಿಂಗ್ ಪೈಪು. ಕೆರೆ ತುಂಬಿದ ಮೇಲೆ ಅದರ ವ್ಯಾಪಾರ ಬಿತ್ತು. ನನಗೆ ಬೇಸರವಾಗಲಿಲ್ಲ, ಯಾಕೆಂದರೆ ಡ್ರಿಪ್ ಪೈಪು, ಸ್ಪ್ರಿಂಕ್ಲರ್, ಸಣ್ಣ ಮೋಟರ್ ಕೇಳುವವರು ಬಂದರು. ಬತ್ತಿದ ಬೋರುಗಳಲ್ಲಿ ನೀರು ಮೇಲೆ ಬಂತು. ಕೂಲಿಗೆ ಮಲೆನಾಡಿನ ಅಡಿಕೆ ತೋಟಕ್ಕೆ ಹೋಗುತ್ತಿದ್ದವರು ಇಲ್ಲೇ ಉಳಿದರು. ಎಲ್ಲರೂ ಅಡಿಕೆಯನ್ನೇ ಹಚ್ಚುತ್ತಿರುವುದು ನನಗೆ ಅಷ್ಟು ಸರಿ ಕಾಣುತ್ತಿಲ್ಲ. ಈ ಬಯಲು ಸೀಮೆಯ ನೀರು ಅಷ್ಟನ್ನೂ ತಡೆಯುತ್ತದಾ ಅಂತ ಭಯ. ಅದು ಬೇರೆ ಮಾತು. ಸರ್ಕಾರ ಹಾಕಿದ ದುಡ್ಡಿನ ಹಿಂದೆ ರೈತರು ತಮ್ಮ ದುಡ್ಡನ್ನೂ ಧೈರ್ಯವಾಗಿ ಹಾಕಿದರು ಅನ್ನುವುದು ನಿಜ.

ಸರ್ಕಾರ ಖರ್ಚು ಮಾಡದೇ ಇದ್ದಾಗ ಏನಾಗುತ್ತದೆ? ದುಡ್ಡೇನೂ ಉಳಿಯುವುದಿಲ್ಲ. ಜಗಳೂರು, ಚಳ್ಳಕೆರೆ, ಮೊಳಕಾಲ್ಮೂರಿನ ಕಡೆ ಹೋದವರಿಗೆ ಗೊತ್ತು. ಕಾಲುವೆ ಬರದ ಊರಿನಲ್ಲಿ ರೈತ ಬೋರ್ ಲಾರಿ ಕರೆಸುತ್ತಾನೆ. ನಾನ್ನೂರು ಅಡಿ, ಆರುನೂರು ಅಡಿ, ಎಂಟುನೂರು ಅಡಿ. ಬರೀ ಬೂದಿ ಏಳುತ್ತದೆ. ಮತ್ತೆ ಮೂರು ತಿಂಗಳಿಗೆ ಇನ್ನೊಂದು ಮೂಲೆಯಲ್ಲಿ ನೀರಿನ ಪಾಯಿಂಟ್ ನೋಡಿಸುತ್ತಾನೆ. ನನ್ನ ಪುಸ್ತಕದಲ್ಲಿ ಒಂದೇ ಮನೆಯವರು ಐದು ಬೋರಿಗೆ ಕೇಸಿಂಗ್ ಒಯ್ದ ಲೆಕ್ಕವಿದೆ. ನಾಲ್ಕು ಫೇಲ್. ಆ ಲಾರಿಯ ಬಾಡಿಗೆ, ಡೀಸೆಲ್, ನನ್ನ ಪೈಪು ಎಲ್ಲವೂ ದೇಶದ ಜಿಡಿಪಿ ಲೆಕ್ಕಕ್ಕೆ ಸೇರುತ್ತವೆ. ಆದರೆ ಆ ಮನೆಯವರಿಗೆ ಉಳಿದದ್ದು ಸಾಲ ಒಂದೇ. ಒಂದು ಕಾಲುವೆ ಮಾಡಬೇಕಾದ ಕೆಲಸವನ್ನು ಸಾವಿರ ಮನೆಗಳು ಬೇರೆ ಬೇರೆಯಾಗಿ, ಸಾಲ ಮಾಡಿ, ಸೋತು ಸೋತು ಮಾಡುತ್ತಿವೆ.

ಇಲ್ಲಿಗೆ ಭದ್ರಾ ಮೇಲ್ದಂಡೆ ಯೋಜನೆಯ ಮಾತು ಬರಲೇಬೇಕು. ಚಿಕ್ಕಮಗಳೂರು, ಚಿತ್ರದುರ್ಗ, ದಾವಣಗೆರೆ, ತುಮಕೂರು ಜಿಲ್ಲೆಗಳ ಸುಮಾರು 2.25 ಲಕ್ಷ ಹೆಕ್ಟೇರ್ ನೆಲಕ್ಕೆ ನೀರು ಕೊಡುವ ಯೋಜನೆ. 367 ಕೆರೆಗಳಿಗೆ ಅರ್ಧದಷ್ಟಾದರೂ ನೀರು ತುಂಬಬೇಕು. ಒಟ್ಟು 29.9 ಟಿಎಂಸಿ. 2015ರ ಹೊತ್ತಿಗೆ ಇದರ ಅಂದಾಜು 12,340 ಕೋಟಿ ರೂಪಾಯಿ ಇತ್ತು. 2020ರ ಡಿಸೆಂಬರಿನಲ್ಲಿ ಒಪ್ಪಿಗೆ ಸಿಕ್ಕ ಹೊಸ ಅಂದಾಜು 21,473 ಕೋಟಿ. ದರ ಏರಿತು, ಭೂಸ್ವಾಧೀನದ ಪರಿಹಾರ ಹೆಚ್ಚಿತು, ಕೆಲಸದ ರೂಪವೂ ಬದಲಾಯಿತು, ಎಲ್ಲ ಒಪ್ಪುತ್ತೇನೆ. ಆದರೂ ತಡವಾದಷ್ಟೂ ಖರ್ಚು ಏರುತ್ತದೆ ಅನ್ನುವುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಾ? ಅಜ್ಜಂಪುರದ ಹತ್ತಿರ ಅಬ್ಬಿನಹೊಳಲು ಬಳಿ ಎರಡು ಕಿಲೋಮೀಟರಿಗೂ ಕಡಿಮೆ ಉದ್ದದ ಕಾಲುವೆ ಜಾಗದ ಪರಿಹಾರದ ವಿಚಾರಕ್ಕೆ ವರ್ಷಗಟ್ಟಲೆ ಕೆಲಸ ನಿಂತಿತ್ತು. ಆ ರೈತರನ್ನು ನಾನು ದೂರುವುದಿಲ್ಲ, ಹೋಗುತ್ತಿದ್ದುದು ಅವರ ನೆಲ. ಆದರೆ ಅಷ್ಟು ಪರಿಹಾರವನ್ನು ಬೇಗ ತೀರ್ಮಾನಿಸಿ ಕೊಟ್ಟಿದ್ದರೆ ಎಷ್ಟು ಕೋಟಿ ಉಳಿಯುತ್ತಿತ್ತು, ಎಷ್ಟು ಬೆಳೆ ಹೆಚ್ಚು ಬರುತ್ತಿತ್ತು ಅಂತ ಯಾರಾದರೂ ಲೆಕ್ಕ ಹಾಕಬೇಕಿತ್ತು.

2023-24ರ ಕೇಂದ್ರ ಬಜೆಟ್‌ನಲ್ಲಿ ಈ ಯೋಜನೆಗೆ 5,300 ಕೋಟಿ ಕೊಡುತ್ತೇವೆ ಅಂದರು. ಅವತ್ತು ಟಿವಿಯಲ್ಲಿ ಅದನ್ನು ಕೇಳಿ ನಮ್ಮ ಅಂಗಡಿ ಮುಂದೆ ಪಟಾಕಿ ಹೊಡೆದರು. 2025ರ ಬಜೆಟ್ ಹೊತ್ತಿಗೂ ಆ ಹಣ ಬಂದಿಲ್ಲ ಅಂತ ರಾಜ್ಯ ಸರ್ಕಾರ ಹೇಳುತ್ತಿತ್ತು. ಯಾರ ತಪ್ಪು ಅನ್ನುವುದನ್ನು ನೀವು ಮತ್ತು ದೆಹಲಿಯವರು ಕೂತು ಮಾತಾಡಿಕೊಳ್ಳಿ. ಇಬ್ಬರ ಜಗಳದಲ್ಲಿ ಬಡ್ಡಿ ಕಟ್ಟುತ್ತಿರುವವರು ಬೋರ್ ಕೊರೆಸಿದ ಮನೆಯವರು.

ತುಮಕೂರು–ಚಿತ್ರದುರ್ಗ–ದಾವಣಗೆರೆ ನೇರ ರೈಲು ಮಾರ್ಗದ ಕಥೆಯೂ ಅಷ್ಟೇ. 191 ಕಿಲೋಮೀಟರ್. 2011-12ರ ರೈಲ್ವೆ ಬಜೆಟ್‌ನಲ್ಲಿ ಮಂಜೂರಾದದ್ದು. ಆಗ ನನ್ನ ಮಗಳು ಒಂದನೇ ಕ್ಲಾಸಿಗೆ ಸೇರಿದ್ದಳು. ಅವಳ ಡಿಗ್ರಿ ಮುಗಿಯುವ ಹೊತ್ತಾಯಿತು, ಇನ್ನೂ ಬೆಂಗಳೂರಿಗೆ ಬಸ್ಸಿನಲ್ಲೇ ಹೋಗುತ್ತಾಳೆ. ಇದೇ ಜಿಲ್ಲೆಯಲ್ಲಿ ಹೈವೇ ನಾಲ್ಕು ಪಥವಾಗಿ ಮುಗಿದ ಮೇಲೆ ಏನೇನು ಬಂತು ಅಂತ ನಾವೆಲ್ಲ ನೋಡಿದೆವಲ್ಲ. ನಮ್ಮ ಮುಂದಿನ ಆ ರಸ್ತೆ ದೆಹಲಿ, ಮುಂಬೈ, ಚೆನ್ನೈ, ಕೋಲ್ಕತ್ತ ಜೋಡಿಸುವ ಸುವರ್ಣ ಚತುಷ್ಪಥದ ಭಾಗ. ಆ ಹೆದ್ದಾರಿಗೆ 10 ಕಿಲೋಮೀಟರ್ ಒಳಗಿನ ಜಿಲ್ಲೆಗಳಲ್ಲಿ ಕಾರ್ಖಾನೆ, ಉತ್ಪಾದನೆ ಎದ್ದು ಕಾಣುವಂತೆ ಬೆಳೆಯಿತು, ದೂರದ ಜಿಲ್ಲೆಗಳಲ್ಲಿ ಅಷ್ಟು ಬೆಳೆಯಲಿಲ್ಲ ಅಂತ ಅರ್ಥಶಾಸ್ತ್ರಜ್ಞರು ಅಧ್ಯಯನ ಮಾಡಿ ಹೇಳಿದ್ದಾರೆ. ನಡುವೆ ಐವತ್ತು ಕಿಲೋಮೀಟರ್ ಬಿಟ್ಟು ಕಟ್ಟಿದ್ದರೆ ಆ ಫಲ ಸಿಗುತ್ತಿತ್ತಾ?

ಹಿಂದಿನವರನ್ನು ಹೊಗಳಿ ಈಗಿನವರನ್ನು ಬಯ್ಯುವ ಅಭ್ಯಾಸ ನನಗಿಲ್ಲ. ಆದರೆ ಹಿರಿಯೂರಿನ ಮಾರಿಕಣಿವೆಗೆ ಹೋದಾಗಲೆಲ್ಲ ಒಂದು ಲೆಕ್ಕ ತಲೆಯಲ್ಲಿ ಓಡುತ್ತದೆ. ಅಲ್ಲಿನ ವಾಣಿ ವಿಲಾಸ ಸಾಗರ ಅಣೆಕಟ್ಟಿನ ಕೆಲಸ 1898ರಲ್ಲಿ ಶುರುವಾಗಿ 1907ರಲ್ಲಿ ಮುಗಿಯಿತು. ಮೈಸೂರು ಸಂಸ್ಥಾನ ಏನೂ ಶ್ರೀಮಂತ ಆಗಿರಲಿಲ್ಲ. 1876–78ರ ದೊಡ್ಡ ಬರದಲ್ಲಿ ಲಕ್ಷಾಂತರ ಜನ ಸತ್ತು, ಖಜಾನೆ ಸಾಲಕ್ಕೆ ಬಿದ್ದಿತ್ತು. ಜೆಸಿಬಿ ಇರಲಿಲ್ಲ, ಟಿಪ್ಪರ್ ಇರಲಿಲ್ಲ. ಒಂಬತ್ತು ವರ್ಷದಲ್ಲಿ ಮುಗಿಸಿದರು. ನೂರು ವರ್ಷ ದಾಟಿದರೂ ದುರ್ಗ, ಹಿರಿಯೂರು, ಚಳ್ಳಕೆರೆ ಆ ನೀರು ಕುಡಿಯುತ್ತಿವೆ. 1933ರಲ್ಲಿ ಕೋಡಿ ಬಿದ್ದ ಅಣೆಕಟ್ಟು 89 ವರ್ಷ ಕಾದು 2022ರಲ್ಲಿ ಮತ್ತೆ ಕೋಡಿ ಬಿತ್ತು. 2025ರ ಜನವರಿಯಲ್ಲಿ ಇನ್ನೊಂದು ಸಲ. ಅದರಲ್ಲಿ ಭದ್ರಾ ಮೇಲ್ದಂಡೆಯ ಮುಗಿದ ಭಾಗದಿಂದ ಹರಿದ ನೀರೂ ಇದೆ. ಮುಗಿದಷ್ಟೇ ಭಾಗ ಇಷ್ಟು ಮಾಡಿದೆ.

ಈಗ ಗೃಹಲಕ್ಷ್ಮಿಯ ವಿಚಾರ. ಕಾಲುವೆ ನಿಂತಿರುವುದಕ್ಕೆ ಈ ಎರಡು ಸಾವಿರವೇ ಕಾರಣ ಅಂತ ಬೆಂಚಿನ ಮೇಲೆ ಕೂತ ಗಂಡಸರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಭದ್ರಾ ಮೇಲ್ದಂಡೆ ನಿಂತದ್ದು ಗ್ಯಾರಂಟಿಗಳು ಬರುವುದಕ್ಕೆ ಎಷ್ಟೋ ವರ್ಷ ಮೊದಲೇ. ಆ ಹಣ ಹೆಂಗಸರ ಖಾತೆಗೆ ಬಿದ್ದ ವಾರ ನಮ್ಮ ಸಂತೆಯ ಕಳೆಯೇ ಬೇರೆ. ಒಬ್ಬಾಕೆ ಎಂಟು ತಿಂಗಳ ಹಣ ಕೂಡಿಟ್ಟು ಎರಡು ಕುರಿಮರಿ ತಂದಳು, ಈಗ ಐದಾಗಿವೆ. ಇನ್ನೊಬ್ಬಾಕೆ ನನ್ನಲ್ಲಿ ಮೂರು ವರ್ಷದಿಂದ ಉಳಿದಿದ್ದ ಉದ್ರಿ ತೀರಿಸಿ, ತಲೆ ಎತ್ತಿ ಮಾತಾಡಿಸಿ ಹೋದಳು.

ಆದರೂ ಲೆಕ್ಕವನ್ನು ಮುಚ್ಚಿಡಬಾರದು. ದೆಹಲಿಯ ರಾಷ್ಟ್ರೀಯ ಸಾರ್ವಜನಿಕ ಹಣಕಾಸು ಮತ್ತು ನೀತಿ ಸಂಸ್ಥೆಯ ಸಂಶೋಧಕರು 2013ರಲ್ಲಿ ಒಂದು ಅಂದಾಜು ಕೊಟ್ಟಿದ್ದರು. ರಸ್ತೆ, ನೀರಾವರಿಯಂಥ ಬಂಡವಾಳ ಕೆಲಸಕ್ಕೆ ಸರ್ಕಾರ ಒಂದು ರೂಪಾಯಿ ಹಾಕಿದರೆ ಒಟ್ಟು ಉತ್ಪಾದನೆ ಸುಮಾರು 2.45 ರೂಪಾಯಿ ಬೆಳೆಯುತ್ತದೆ. ಜನರ ಕೈಗೆ ನೇರವಾಗಿ ಕೊಟ್ಟ ಒಂದು ರೂಪಾಯಿಗೆ 98 ಪೈಸೆ. ಆ 98 ಪೈಸೆ ಕೆಲವೇ ದಿನದಲ್ಲಿ ಊರೊಳಗೆ ತಿರುಗುವುದನ್ನು ನಾನು ನೋಡುತ್ತೇನೆ. ಆ 2.45 ಎಲ್ಲಿ? ಕೆಲಸ ನಡೆಯುವಾಗ ಒಂದಷ್ಟು ಕೂಲಿ, ಸಾಮಾನಿನ ದುಡ್ಡು ತಿರುಗುತ್ತದೆ ನಿಜ. ದೊಡ್ಡ ಲಾಭ ಇರುವುದು ಕಾಲುವೆಯಲ್ಲಿ ನೀರು ಹರಿದ ಮೇಲೆ, ಅಂಗನವಾಡಿಯಲ್ಲಿ ಮಕ್ಕಳು ಕೂತ ಮೇಲೆ. ಲಿಂಟಲ್ ಮಟ್ಟದಲ್ಲಿ ನಿಂತ ಗೋಡೆಯಿಂದ ಅದು ಬರುವುದಿಲ್ಲ.

2025-26ರ ರಾಜ್ಯ ಬಜೆಟ್ 4,09,549 ಕೋಟಿಯದು. ಅದರಲ್ಲಿ ಬಂಡವಾಳ ವೆಚ್ಚ 71,336 ಕೋಟಿ. ನೂರು ರೂಪಾಯಿಯಲ್ಲಿ ಸುಮಾರು ಹದಿನೇಳು. ಗ್ಯಾರಂಟಿಗಳಿಗೆ 51,034 ಕೋಟಿ. ಇನ್ನೂ ಸಾಲ ತನ್ನಿ ಅಂತ ನಾನು ಕೇಳುತ್ತಿಲ್ಲ. ವಿತ್ತೀಯ ಹೊಣೆಗಾರಿಕೆ ಕಾಯ್ದೆಯನ್ನು ದೇಶದಲ್ಲೇ ಮೊದಲು, 2002ರಲ್ಲಿ, ಮಾಡಿದ ರಾಜ್ಯ ನಮ್ಮದು. ಕೊರತೆ ರಾಜ್ಯದ ಉತ್ಪನ್ನದ ಶೇ. 3 ದಾಟಬಾರದು ಅನ್ನುವ ಮಿತಿ ಇರಲಿ. ಅಂಗಡಿ ನಡೆಸುವವಳಿಗೆ ಸಾಲದ ಭಯ ಚೆನ್ನಾಗಿ ಗೊತ್ತು. ಆ ಹದಿನೇಳು ರೂಪಾಯಿ ನೂರು ಕಡೆ ಚೆಲ್ಲಿಹೋಗದೆ, ಶುರುವಾದ ಕೆಲಸಗಳನ್ನು ಮುಗಿಸುವುದಕ್ಕೆ ಮೊದಲು ಹೋಗಲಿ ಅನ್ನುವುದಷ್ಟೇ ನನ್ನ ಬೇಡಿಕೆ.

ಅದಕ್ಕೆ ಮೊದಲು ಬೇಕಾದ್ದು ಒಂದು ಪಟ್ಟಿ. ಪ್ರತಿ ತಾಲೂಕಿನಲ್ಲಿ ಅರ್ಧಕ್ಕೆ ನಿಂತ ಕಾಮಗಾರಿ ಯಾವುದು, ಯಾವಾಗ ಶುರುವಾಯಿತು, ಇಲ್ಲಿವರೆಗೆ ಎಷ್ಟು ಖರ್ಚಾಗಿದೆ, ಮುಗಿಸಲು ಇನ್ನೆಷ್ಟು ಬೇಕು. ಇದನ್ನು ಗ್ರಾಮ ಪಂಚಾಯಿತಿ ಗೋಡೆಗೆ ಕನ್ನಡದಲ್ಲಿ ಅಂಟಿಸಿ. ಬಜೆಟ್‌ನಲ್ಲಿ ಅವನ್ನು ಮುಗಿಸುವುದಕ್ಕೇ ಅಂತ ಬೇರೆ ಹಣ ತೆಗೆದಿಡಿ. ಕಡಿಮೆ ದುಡ್ಡಿನಲ್ಲಿ ಮುಗಿಯುವಂಥವು ಮೊದಲು ಮುಗಿಯಲಿ. ಒಂದು ಇಲಾಖೆ ಒಂದು ತಾಲೂಕಿನಲ್ಲಿ ಹಳೆಯದನ್ನು ಮುಗಿಸುವವರೆಗೆ ಅಲ್ಲಿ ಹೊಸ ಗುದ್ದಲಿ ಪೂಜೆ ಬೇಡ. ಶಾಸಕರಿಗೆ ಇದು ಕಷ್ಟ ಅಂತ ಗೊತ್ತು. ಶಂಕುಸ್ಥಾಪನೆಯ ಕಲ್ಲಿನಲ್ಲಿ ಹೆಸರು ಬರುತ್ತದೆ, ಬೇರೆಯವರು ಶುರು ಮಾಡಿದ್ದನ್ನು ಮುಗಿಸಿದರೆ ಹೆಸರು ಬರುವುದಿಲ್ಲ. ಹಾಗಿದ್ದರೆ ಮುಗಿಸಿದವರ ಹೆಸರನ್ನೇ ದೊಡ್ಡದಾಗಿ ಬರೆಸಿ, ಯಾರೂ ಬೇಡ ಅನ್ನುವುದಿಲ್ಲ.

ಬಿಲ್ಲಿನ ಮಾತು ಎರಡನೆಯದು. ಸಣ್ಣ ಉದ್ದಿಮೆಯವರಿಂದ ಸಾಮಾನು ಕೊಂಡವರು 45 ದಿನದೊಳಗೆ ಹಣ ಕೊಡಬೇಕು, ತಡವಾದರೆ ಬಡ್ಡಿ ಸೇರಿಸಿ ಕೊಡಬೇಕು ಅಂತ 2006ರ ಎಂಎಸ್‌ಎಂಇ ಕಾಯ್ದೆ ಹೇಳುತ್ತದೆ. ಸರ್ಕಾರಿ ಕಾಮಗಾರಿ ಮಾಡಿದ ಸಣ್ಣ ಗುತ್ತಿಗೆದಾರರಿಗೂ ಅದೇ ಗಡುವು ಇರಲಿ. ಮೊದಲು ಬಂದ ಬಿಲ್ಲಿಗೆ ಮೊದಲು ಹಣ. ಯಾರ ಬಿಲ್ ಎಷ್ಟನೇ ಸಾಲಿನಲ್ಲಿದೆ ಅಂತ ಯಾರು ಬೇಕಾದರೂ ಮೊಬೈಲಿನಲ್ಲಿ ನೋಡುವಂತಿರಲಿ. ಹಣವನ್ನು ಮೂರು ತಿಂಗಳಿಗೊಮ್ಮೆ ಬಿಡುಗಡೆ ಮಾಡಿ. ಹತ್ತು ತಿಂಗಳು ಕಾಯಿಸಿ ಫೆಬ್ರವರಿಯಲ್ಲಿ ಬಿಟ್ಟರೆ, ಮಾರ್ಚ್ 31ರೊಳಗೆ ಬಿಲ್ ಮಾಡಬೇಕು ಅಂತ ರಾತ್ರಿ ಹನ್ನೊಂದಕ್ಕೆ ಅಂಗಡಿ ಬಾಗಿಲು ಬಡಿಯುತ್ತಾರೆ. ಆ ಒಂದು ತಿಂಗಳಲ್ಲಿ ಹಾಕಿದ ಕಾಂಕ್ರೀಟಿಗೆ ನೀರು ಹೊಡೆಯುವುದಕ್ಕೂ ಪುರುಸೊತ್ತಿರುವುದಿಲ್ಲ. ಅಂಥ ರಸ್ತೆ ಮುಂದಿನ ಮಳೆಗೇ ಕಿತ್ತು ಬರುತ್ತದೆ.

ಇನ್ನೊಂದು ವಿಚಾರಕ್ಕೆ ಬೆಂಗಳೂರಿನಲ್ಲಿ ಅಷ್ಟು ಗಮನ ಸಿಗುವುದಿಲ್ಲ ಅನ್ನಿಸುತ್ತದೆ. ಕೆರೆ ತುಂಬಿಸುವ ಪಂಪುಗಳ ಕರೆಂಟ್ ಬಿಲ್ಲು, ವಾಲ್ವ್ ರಿಪೇರಿ, ಪಂಪ್ ಹೌಸಿನಲ್ಲಿ ಕೂರುವ ಆಳಿನ ಸಂಬಳ ಇವೆಲ್ಲ ಬಜೆಟ್ ಪುಸ್ತಕದಲ್ಲಿ ಬಂಡವಾಳ ವೆಚ್ಚಕ್ಕೆ ಸೇರುವುದಿಲ್ಲ, ರಾಜಸ್ವ ವೆಚ್ಚ ಅನ್ನಿಸಿಕೊಳ್ಳುತ್ತವೆ. ರಾಜಸ್ವ ವೆಚ್ಚ ಅಂದರೆ ದಂಡದ ಖರ್ಚು ಅನ್ನುವ ಮಾತು ಕೇಳುತ್ತಿರುತ್ತೇವೆ. ಕೋಟಿಗಟ್ಟಲೆ ಹಾಕಿ ಪೈಪ್ ಎಳೆದು, ಮೋಟರ್ ಸುಟ್ಟಾಗ ಕಾಯಿಲ್ ಕಟ್ಟಿಸಲು ದುಡ್ಡಿಲ್ಲ ಅಂದರೆ ಆ ಕೋಟಿಗಳೂ ದಂಡವೇ ಅಲ್ವಾ? ಜಗಳೂರು ತಾಲೂಕಿನ 57 ಕೆರೆಗಳಿಗೂ ಹರಿಹರ ತಾಲೂಕಿನ ದೀಟೂರಿನಿಂದ ತುಂಗಭದ್ರೆ ನೀರನ್ನು ಪಂಪಿನಲ್ಲೇ ಎತ್ತಬೇಕು. ಭರಮಸಾಗರಕ್ಕೂ ಅಷ್ಟೇ. ಇವುಗಳ ನಿರ್ವಹಣೆಗೆ ಪ್ರತಿ ವರ್ಷ ಹಣ ಮೊದಲೇ ಎತ್ತಿಟ್ಟುಬಿಡಿ. ಬಂದ ನೀರು ಮತ್ತೆ ಹೋದರೆ ಈ ಊರು ಇನ್ನೊಂದು ಸಲ ನಂಬಿ ದುಡ್ಡು ಹಾಕುವುದಿಲ್ಲ.

ಮಾನ್ಯರೇ, ಈ ಪತ್ರದಲ್ಲಿ ನಾನು ಹಳ್ಳಿಯ ಹೆಸರು, ಕಚೇರಿಯ ಹೆಸರು ಬರೆದಿಲ್ಲ. ಬರೆದರೆ ಆ ಹುಡುಗನ ಬಿಲ್ ಇನ್ನೂ ಕೆಳಗೆ ಹೋಗುತ್ತದೆ ಅನ್ನುವ ಹೆದರಿಕೆ. ತಾವು ಕೇಳಿದರೆ ಕಡತದ ನಂಬರ್ ಸಮೇತ ಕಳಿಸುತ್ತೇನೆ. ಆ ಕಟ್ಟಡಕ್ಕೆ ಇನ್ನು ಬೇಕಾಗಿರುವುದು ಮೋಲ್ಡ್, ಪ್ಲಾಸ್ಟರಿಂಗ್, ಒಂದು ಬಾಗಿಲು, ಎರಡು ಕಿಟಕಿ. ಹಳೇ ಬಿಲ್ ಆದ ದಿನವೇ ಬರುತ್ತೇವೆ ಅಂತ ಗಾರೆಯವರು ಬೆಂಗಳೂರಿನಿಂದ ಫೋನ್ ಮಾಡಿ ಹೇಳಿದ್ದಾರೆ. ಮೋಲ್ಡಿಗೆ ಬೇಕಾದ ಸಿಮೆಂಟನ್ನು ನಾನು ಇನ್ನೊಂದು ಸಲ ಉದ್ರಿಯಲ್ಲೇ ಕೊಡುತ್ತೇನೆ. ಜೂನಿನಲ್ಲಿ ಮಳೆ ಶುರುವಾಗುತ್ತದೆ. ಅಷ್ಟರೊಳಗೆ ಮಕ್ಕಳು ಜಗಲಿ ಬಿಟ್ಟು ಒಳಗೆ ಕೂರುವಂತೆ ಮಾಡಿಕೊಡಿ.

ಇಂತಿ ತಮ್ಮ ವಿಶ್ವಾಸಿ,
ಭರಮಸಾಗರದ ಪೈಪು ಅಂಗಡಿಯ ಲೆಕ್ಕ ಬರೆಯುವವಳು